ಉಸಿರಿಗೆ ಎಷ್ಟು ಮಾತು

ನಮ್ಮ ಆಸ್ಪತ್ರೆಯ ಆಂಬುಲೆನ್ಸ್ ಸಿಬ್ಬಂದಿಯೊಬ್ಬರ ಬೀಳ್ಕೊಡುಗೆ ಸಭೆಯಲ್ಲಿ ಮಾತಾಡಿದವರೆಲ್ಲ ಅವರನ್ನು ದೇವತೆ ಎಂದರು. ಒಬ್ಬರು ಪ್ರಾಣದಾತೆ ಎಂದರು, ಇನ್ನೊಬ್ಬರು ವಿಜಯವಾಡದ ದುರ್ಗಮ್ಮನೇ ಯೂನಿಫಾರಂ ಹಾಕಿಕೊಂಡು ಬಂದಿದ್ದಳು ಎಂದರು. ಚಪ್ಪಾಳೆ, ಶಾಲು, ಹಾರ ಎಲ್ಲ ಆಯಿತು. ನನಗೆ ಈ ದೇವತೆ ಎಂಬ ಮಾತಿನ ಮೇಲೆ ಆಕ್ಷೇಪವಿದೆ. ದೇವತೆಗೆ ಎಲ್ಲವೂ ಗೊತ್ತಿರುತ್ತದೆ, ನಾಡಿ ಹಿಡಿದು ನೋಡುವ ಗರಜೇ ಇಲ್ಲ. ನಾನು ಕಂಡ ಹೆಂಗಸು ದಿನಕ್ಕೆ ಹತ್ತು ಸಲ "ನನಗಿನ್ನೂ ಗೊತ್ತಿಲ್ಲ" ಎನ್ನುತ್ತಿದ್ದವರು. ಅಷ್ಟು ಹೇಳಿ ಸುಮ್ಮನಾಗದೆ, ಗೊತ್ತು ಮಾಡಿಕೊಳ್ಳಲು ಮತ್ತೆ ಮಂಡಿಯೂರಿ ಕೂರುತ್ತಿದ್ದವರು. ಅವರನ್ನು ದೇವತೆ ಮಾಡಿದರೆ ಆ ದೊಡ್ಡ ಗುಣವನ್ನೇ ಕಿತ್ತುಕೊಂಡಂತಾಗುತ್ತದೆ.

ಸಭೆಯಲ್ಲಿ ನನ್ನನ್ನೂ ಕರೆದರು. ಎದ್ದು ನಿಂತೆ, ಎರಡು ವಾಕ್ಯ ಹೇಳಿ ಕುಳಿತೆ. ಮಾತಿಗೆ ನಿಂತರೆ ಗಂಟೆ ಬಾರಿಸುವ ತನಕ ನಿಲ್ಲಿಸದವನು ಎಂದು ಹೆಸರಾದ ನನಗೆ ಹೀಗಾದದ್ದು ಅದೇ ಮೊದಲು. ಅಂದು ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಬರೆಯುವುದಿಲ್ಲ. ಕೇಳಿದ್ದಕ್ಕೆ ಅವರೇ ಬೇಡವೆಂದರು: "ಬರಿಯೋದಾದ್ರೆ ಬರಿ, ನನ್ನ ಹೆಸರು ಮಾತ್ರ ಬ್ಯಾಡ. ಒಂದು ಮನೆಯವರು ಓದಿಬಿಟ್ರೆ ಅವರ ಹೊಟ್ಟೆ ಮತ್ತೆ ಉರಿಯುತ್ತೆ." ಆಸ್ಪತ್ರೆಯಲ್ಲಿ ಡಾಕ್ಟರಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರೂ ಅವರನ್ನು ಅಕ್ಕ ಎನ್ನುತ್ತಿದ್ದರು. ತೆಲುಗಿಗೂ ಕನ್ನಡಕ್ಕೂ ಒಂದೇ ಮಾತು, ನನಗೂ ಅನುಕೂಲವಾಯಿತು.

ನಾನು ದಾವಣಗೆರೆಯವನು. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಿಗೆಂದು ಊರೂರು ಸುತ್ತಿ, ಒಂದೇ ವಿಷಯದ ಪರವಾಗಿ ಬೆಳಿಗ್ಗೆ, ವಿರೋಧವಾಗಿ ಮಧ್ಯಾಹ್ನ ಮಾತಾಡಿ ಎರಡಕ್ಕೂ ಬಹುಮಾನ ತಂದವನು. ಆಸ್ಪತ್ರೆ ಆಡಳಿತ ಓದಿ ವಿಶಾಖಪಟ್ಟಣದ ಒಂದು ಖಾಸಗಿ ಆಸ್ಪತ್ರೆಯ ಗುಣಮಟ್ಟ ವಿಭಾಗಕ್ಕೆ ಸೇರಿದೆ. ಹೆಸರು ಗಂಭೀರವಾಗಿದೆ, ಕೆಲಸ ಮಾತ್ರ ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದು. ನನ್ನ ಸ್ವಭಾವಕ್ಕೆ ಸಂಬಳ ಕೊಡುವವರು ಸಿಕ್ಕಿದ್ದರು. ಸೇರಿದ ಆರನೇ ತಿಂಗಳಿಗೆ ಆಂಬುಲೆನ್ಸ್ ವಿಭಾಗದ ಒಂದು ದೂರಿನ ವಿಚಾರಣೆಗೆ ನನ್ನನ್ನು ಹಾಕಿದರು. ದೂರು ಅಕ್ಕನ ಮೇಲೆ.

ನಡೆದದ್ದು ಇಷ್ಟು. ಅಚ್ಯುತಾಪುರಂ ಕಾರ್ಖಾನೆಗಳ ದಾರಿಯಲ್ಲಿ ಬೆಳಿಗ್ಗೆ ಒಂದು ಲಾರಿ ಆಟೋಗೆ ಗುದ್ದಿತ್ತು. ಆಟೋದಲ್ಲಿ ಪಾಳಿಗೆ ಹೊರಟಿದ್ದ ಇಬ್ಬರು: ನಲವತ್ತರ ಆಸುಪಾಸಿನ ಒಬ್ಬ ಫಿಟ್ಟರ್, ಪ್ಯಾಕಿಂಗ್ ವಿಭಾಗದ ಒಬ್ಬ ಹೆಂಗಸು. ಫಿಟ್ಟರನ ಬಲಗೈ ಬಾಗಿದ ಕಂಬಿಗಳ ನಡುವೆ ಸಿಕ್ಕಿಕೊಂಡು, ರಕ್ತ ಹರಿದು, ಅವನು ಕೂಗುತ್ತಿದ್ದ. ಹೆಂಗಸು ರಸ್ತೆ ಬದಿಯ ಕಲ್ಲಿನ ಮೇಲೆ, ಯಾರೋ ಕೊಟ್ಟ ನೀರಿನ ಬಾಟಲಿ ಹಿಡಿದು, ತನಗೇನೂ ಆಗಿಲ್ಲವೆಂದು ಕೈಯಾಡಿಸುತ್ತ ಕೂತಿದ್ದಳು. ನಮ್ಮ ಆಂಬುಲೆನ್ಸ್ ಮೊದಲು ಬಂತು. ಅಕ್ಕ ಇಳಿದು ಫಿಟ್ಟರನ ತೋಳಿಗೆ ಪಟ್ಟಿ ಬಿಗಿದು ರಕ್ತ ನಿಲ್ಲಿಸಿದರು. ಕೈ ಬಿಡಿಸಲು ಕಬ್ಬಿಣ ಕತ್ತರಿಸುವ ಯಂತ್ರವೇ ಬೇಕಿತ್ತು, ಅದೂ ಎರಡನೇ ಆಂಬುಲೆನ್ಸೂ ದಾರಿಯಲ್ಲಿದ್ದವು. ಅಷ್ಟರಲ್ಲಿ ಅಕ್ಕ ಆ ಹೆಂಗಸಿನ ಬಳಿ ಹೋಗಿ, ಎರಡು ಮಾತಾಡಿ, ಅವಳನ್ನು ಗಾಡಿಗೆ ಹತ್ತಿಸಿಕೊಂಡು ಹೊರಟೇಬಿಟ್ಟರು. ಎರಡನೇ ಗಾಡಿ ಬಂದದ್ದು ಒಂಬತ್ತು ನಿಮಿಷ ಕಳೆದು. ಫಿಟ್ಟರ್ ಎರಡು ಬೆರಳು ಕಳೆದುಕೊಂಡ.

ಅವನ ದೂರಿನ ಒಂದು ವಾಕ್ಯ ನನಗೆ ಬಾಯಿಪಾಠವಾಗಿದೆ: "ರಕ್ತ ಸುರಿಯುವವನನ್ನು ಕಂಬಿಯಲ್ಲೇ ಬಿಟ್ಟು, ನೀರು ಕುಡಿಯುತ್ತ ಕೂತವಳ ಹತ್ತಿರ ಬೆಳಿಗ್ಗೆ ಏನು ಟಿಫಿನ್ ತಿಂದೆ ಎಂದು ಹರಟೆ ಹೊಡೆದು, ಅವಳನ್ನೇ ಕರೆದುಕೊಂಡು ಹೋದರು."

ಒಮ್ಮೆ ಮುಟ್ಟಿದ ರೋಗಿಯನ್ನು ಇನ್ನೊಬ್ಬ ಸಿಬ್ಬಂದಿಗೆ ಒಪ್ಪಿಸದೆ ಬಿಟ್ಟುಹೋಗುವಂತಿಲ್ಲ ಎಂಬುದು ನಮ್ಮಲ್ಲಿನ ನಿಯಮ. ಮುರಿದದ್ದು ರುಜುವಾತಾದರೆ ಅಕ್ಕನನ್ನು ಗಾಡಿಯಿಂದ ಇಳಿಸಿ ಫೋನು ಎತ್ತುವ ಮೇಜಿಗೆ ಹಾಕುತ್ತಾರೆ. ನಿವೃತ್ತಿಗೆ ಇನ್ನೆರಡು ವರ್ಷವಿತ್ತು. ಸಂಬಳ ಅಷ್ಟೇ, ಬಿಸಿಲಿಲ್ಲ, ಮೇಲೆ ಫ್ಯಾನು. "ಒಂಥರಾ ಒಳ್ಳೇದೇ ಅಲ್ವಾ ಅಕ್ಕಾ?" ಎಂದು ಮೊದಲ ದಿನವೇ ಕೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಫೋನಿನಾಗೆ ನಾಡಿ ಸಿಗಲ್ಲ ತಮ್ಮಾ," ಎಂದರು. "ನನ್ನನ್ನ ಆ ಮೇಜಿಗೆ ಕೂಡಿಸಿದ್ರೆ ಎರಡು ವರ್ಷ ಏನು, ಎರಡು ದಿನ ಬಾಳಲ್ಲ."

ಆ ಕನ್ನಡ ಕೇಳಿ ನಾನು ಬೆಚ್ಚಿದೆ. ಅವರ ತವರು ಬಳ್ಳಾರಿ ಕಡೆ. ಮದುವೆಯಾಗಿ ವಿಜಯವಾಡಕ್ಕೆ ಬಂದು, ಅಲ್ಲೇ ಆಂಬುಲೆನ್ಸ್ ತರಬೇತಿ ಪಡೆದು, ಹದಿನೈದು ವರ್ಷ ಅಲ್ಲಿ, ಆಮೇಲೆ ಇಲ್ಲಿ. ಮಕ್ಕಳನ್ನು ಅವರು ಕನ್ನಡದಲ್ಲಿ ಕೇಳಿದರೆ ಉತ್ತರ ತೆಲುಗಿನಲ್ಲಿ ಬರುತ್ತದಂತೆ. ಕನ್ನಡ ಉಳಿದದ್ದು ಎರಡೇ ಕೆಲಸಕ್ಕೆ, ತಂಗಿಗೆ ಫೋನು ಮಾಡುವುದಕ್ಕೆ ಮತ್ತು ನಾಡಿ ಎಣಿಸುವುದಕ್ಕೆ. ಎಂಥ ಗದ್ದಲದಲ್ಲೂ ರೋಗಿಯ ಮಣಿಕಟ್ಟು ಹಿಡಿದು ಅವರ ತುಟಿಗಳು ಒಂದು, ಎರಡು, ಮೂರು ಎಂದು ಕನ್ನಡದಲ್ಲೇ ಆಡುತ್ತಿದ್ದವು.

ನಾನು ದಾಕ್ಷಿಣ್ಯಕ್ಕೆ ಬೀಳಲಿಲ್ಲ. ನಮ್ಮ ಕಡೆಯವರು ಎಂಬುದು ವಾದವಲ್ಲ. ಕಡತ ಬಿಚ್ಚಿ ಶುರುಮಾಡಿದೆ.

"ಇಬ್ಬರನ್ನೂ ಯಾಕೆ ಕರಕೊಂಡು ಬರಲಿಲ್ಲ?"

"ಅವನ ಕೈ ಕಂಬಿಯಾಗೆ ಸಿಕ್ಕಿತ್ತು. ಕಂಬಿ ಕತ್ತರಿಸೋತನಕ ಅವನು ಬರಂಗಿಲ್ಲ."

"ಹಾಗಾದರೆ ಅಲ್ಲೇ ಇರಬೇಕಿತ್ತು. ನಿಯಮ ಅದೇ ಹೇಳುತ್ತೆ."

"ಹೌದು, ಹೇಳುತ್ತೆ."

"ನೀವು ಮುರಿದಿರಿ."

"ಮುರಿದೆ."

ವಾದಕ್ಕೆ ಎದುರಾಳಿ ಬೇಕು. ಎಲ್ಲವನ್ನೂ ಒಪ್ಪಿಕೊಳ್ಳುವವರ ಜೊತೆ ಏನು ಮಾಡುವುದು? ಕೊನೆಗೆ ನಾನೇ ಅವರ ಪರ ಒಂದು ಎಳೆ ಎತ್ತಿಕೊಟ್ಟೆ. ಆ ಹೆಂಗಸಿನ ಪಕ್ಕೆಲುಬು ಮುರಿದು, ಎದೆಯೊಳಗೆ ಗಾಳಿ ತುಂಬಿ ಶ್ವಾಸಕೋಶ ಕುಸಿಯುತ್ತಿತ್ತೆಂದು ಆಮೇಲೆ ತಿಳಿದಿತ್ತು. ಆಸ್ಪತ್ರೆಯ ಬಾಗಿಲಲ್ಲೇ ಡಾಕ್ಟರು ಎದೆಗೆ ಕೊಳವೆ ಹಾಕಿದ್ದರಿಂದ ಉಳಿದಳು. "ಅವಳು ಬದುಕಿದಳಲ್ಲ ಅಕ್ಕಾ, ನಿಮ್ಮ ತೀರ್ಮಾನ ಸರಿ ಅಂತ ಅದರಿಂದಲೇ ಗೊತ್ತಾಗುತ್ತೆ," ಎಂದೆ.

ಅವರು ತಲೆ ಕೊಡವಿದರು. "ಹಂಗಲ್ಲ ವಕೀಲಪ್ಪ. ಆಕೆ ಬದುಕಿದ್ಲು ಅಂತ ನಾನು ಸರಿ ಅಲ್ಲ. ಆಕೆ ದಾರಿಯಾಗೆ ಹೋಗಿಬಿಟ್ಟಿದ್ರೂ ನಾನು ಮಾಡಬೇಕಾದದ್ದು ಅದೇ ಇತ್ತು. ಆವಾಗ ಕಣ್ಣಿಗೆ ಏನು ಕಾಣ್ತು, ಕೈಗೆ ಏನು ಸಿಕ್ತು, ಅದರ ಮ್ಯಾಲೆ ನನ್ನನ್ನ ಅಳತೆ ಮಾಡು. ಆಮೇಲೆ ಆದದ್ದು ತಗೊಂಡು ಬರಬ್ಯಾಡ."

ಫಲವನ್ನು ಸಾಕ್ಷಿ ಮಾಡಬಾರದು ಎಂಬ ಈ ಸೂಕ್ಷ್ಮವನ್ನು ನಾನು ಎಷ್ಟೋ ವೇದಿಕೆಗಳಲ್ಲಿ ಬೇರೆಯವರಿಗೆ ಬೋಧಿಸಿದ್ದೇನೆ. ತನಗೆ ಅನುಕೂಲವಾದ ಫಲವನ್ನು ಎದುರಿಗಿಟ್ಟಾಗ ಅದನ್ನು ಕೈಯಿಂದ ತಳ್ಳಿದವರನ್ನು ಮಾತ್ರ ನೋಡಿರಲಿಲ್ಲ. ವಿಚಾರಣೆ ಮುಗಿಯುವವರೆಗೆ ಅವರು ಗಾಡಿಯ ಮೇಲೆ ಇರಬಹುದೆಂದು ಆಡಳಿತ ಬಿಟ್ಟಿತ್ತು. ನಾನೂ ಹತ್ತು ದಿನ ಅದರಲ್ಲಿ ಹೋಗುತ್ತೇನೆ, ಅವರ ಕೆಲಸದ ರೀತಿ ನೋಡದೆ ವರದಿ ಬರೆಯುವುದಿಲ್ಲ ಎಂದು ಹಟ ಹಿಡಿದು ಅನುಮತಿ ಪಡೆದೆ.

ಮೊದಲು ಕಣ್ಣಿಗೆ ಬಿದ್ದದ್ದು, ಅವರು ಓಡುವುದಿಲ್ಲ. ಸಿನಿಮಾದಲ್ಲಿ ಆಂಬುಲೆನ್ಸಿನವರು ಹಾರಿ ಇಳಿದು ಓಡುತ್ತಾರಲ್ಲ, ಹಾಗಲ್ಲ. ಇಳಿದು, ಬಾಗಿಲ ಪಕ್ಕ ನಿಂತು, ಮೇಲೆ ವಿದ್ಯುತ್ ತಂತಿ, ಕೆಳಗೆ ಪೆಟ್ರೋಲು, ಹಿಂದೆ ಬರುವ ವಾಹನ ಎಲ್ಲವನ್ನೂ ಒಂದು ಸುತ್ತು ನೋಡುತ್ತಿದ್ದರು. ಜನ "ರಂಡಿ, ರಂಡಿ, ತ್ವರಗಾ!", ಬನ್ನಿ, ಬೇಗ ಬನ್ನಿ ಎಂದು ತೆಲುಗಿನಲ್ಲಿ ಕೂಗುತ್ತಿದ್ದರೂ ಆ ಒಂದು ಸುತ್ತು ತಪ್ಪುತ್ತಿರಲಿಲ್ಲ. "ನಾನೇ ಬಿದ್ದರೆ ರೋಗಿಗಳು ಇಬ್ಬರಾಗ್ತಾರೆ, ನೋಡೋರು ಸೊನ್ನೆ ಆಗ್ತಾರೆ," ಎನ್ನುತ್ತಿದ್ದರು.

ನೆರೆದ ಜನರನ್ನು ಬೈದು ಅಟ್ಟುತ್ತಿರಲಿಲ್ಲ, ಕೆಲಸ ಹಚ್ಚುತ್ತಿದ್ದರು. ಒಮ್ಮೆ ದುವ್ವಾಡ ಸ್ಟೇಷನ್ ರಸ್ತೆಯಲ್ಲಿ ಬೈಕಿನಿಂದ ಬಿದ್ದ ಒಬ್ಬರ ಸುತ್ತ ಮೂವತ್ತು ಜನ ಫೋನು ಹಿಡಿದು ವಿಡಿಯೋ ತೆಗೆಯುತ್ತಿದ್ದರು. ಅಕ್ಕ ಜೋರು ಮಾಡಲಿಲ್ಲ. ಎಲ್ಲರಿಗಿಂತ ಮುಂದೆ ನಿಂತವನನ್ನು ಕರೆದು ಅವನ ಕೈಗೆ ಗೋಡೆಯ ಮೇಲಿದ್ದ ಹಳೆಯ ಫ್ಲೆಕ್ಸ್ ಕೊಟ್ಟು ನೆರಳು ಹಿಡಿಯಲು ಹೇಳಿದರು. ಇನ್ನೊಂದು ತುದಿಗೆ ಇನ್ನೊಬ್ಬ ಬೇಕಾಯಿತು. ಫ್ಲೆಕ್ಸ್ ಎರಡು ಕೈಯಲ್ಲಿ ಹಿಡಿಯಬೇಕಾದ್ದರಿಂದ ಇಬ್ಬರ ಫೋನೂ ಜೇಬಿಗೆ ಹೋಯಿತು. ಹುಟ್ಟುಹಬ್ಬದ ಶುಭಾಶಯ ಕೋರುತ್ತಿದ್ದ ಯಾವನೋ ಪುಢಾರಿಯ ಮುಖದ ನೆರಳಿನಲ್ಲಿ ಆ ಮನುಷ್ಯನ ಕಾಲಿಗೆ ಪಟ್ಟಿ ಕಟ್ಟಿದರು.

ಅವರ ಜೊತೆ ನಾನು ಸೋತ ಒಂದು ವಾದ ಹೇಳುತ್ತೇನೆ. ಮೇ ತಿಂಗಳು, ಟಾರು ಕರಗುವ ಬಿಸಿಲು. ತೊಡೆ ಮುರಿದು ಬಹಳ ರಕ್ತ ಹೋಗಿದ್ದ ಒಬ್ಬರಿಗೆ ಅಕ್ಕ ಕಂಬಳಿ ಹೊದೆಸಿದರು. ಗಾಡಿ ಹೊರಟ ಮೇಲೆ ನಾನು ಶುರು ಮಾಡಿದೆ: ಹೊರಗೆ ಬೆಂಕಿ, ನಾವೇ ಬೆವರಿನಲ್ಲಿ ನೆನೆದಿದ್ದೇವೆ, ಇವರಿಗೆ ಕಂಬಳಿ, ಇದು ಚಳಿ ದೇಶದ ಪುಸ್ತಕ ನೋಡಿ ಮಾಡುವ ಕುರುಡು ಅಭ್ಯಾಸವಲ್ಲವೇ? ಅಕ್ಕ ನನ್ನ ಕೈ ಹಿಡಿದು ಆತನ ಅಂಗೈ ಮೇಲಿಟ್ಟರು. ಆ ಕೈ ಮಣ್ಣಿನ ಹೂಜಿಯ ಹಾಗೆ ತಣ್ಣಗಿತ್ತು. "ರಕ್ತ ಹೋದವನಿಗೆ ಮೇ ಇಲ್ಲ, ಡಿಸೆಂಬರ್ ಇಲ್ಲ. ಚಳಿ ಹಿಡಿದ ರಕ್ತ ಹೆಪ್ಪುಗಟ್ಟೋದು ಮರೀತೈತೆ," ಎಂದರು. ಆಸ್ಪತ್ರೆ ತಲುಪುವವರೆಗೆ ನಾನು ಆ ಕೈಯನ್ನು ಬಿಡಲಿಲ್ಲ.

ಗಾಡಿಯಲ್ಲಿ ಪ್ರತಿ ಐದು ನಿಮಿಷಕ್ಕೆ ಎಲ್ಲವನ್ನೂ ಮೊದಲಿನಿಂದ ನೋಡುತ್ತಿದ್ದರು. ಈಗಷ್ಟೇ ನೋಡಿದಿರಲ್ಲ ಎಂದರೆ, "ಐದು ನಿಮಿಷದ ಹಿಂದಿನ ನಾಡಿ ಹಳಸಿದ ಅನ್ನ ಇದ್ದಂಗೆ. ಮುಚ್ಚಳ ತೆಗೆದು ಮೂಸಿ ನೋಡದೆ ಬಡಿಸಬಾರದು" ಎನ್ನುತ್ತಿದ್ದರು. ಗಾಡಿ ಓಡಿಸುವವರನ್ನು ನಮ್ಮಲ್ಲಿ ಪೈಲಟ್ ಎನ್ನುತ್ತಾರೆ. ಆ ಪೈಲಟ್ ಮುಂದಿನಿಂದ ತೆಲುಗಿನಲ್ಲಿ ಕೂಗಿ ಹೇಳಿದ: "ಸಾರ್, ಅಕ್ಕ ಮನೇಲಿ ಹಾಲು ಕಾಯಿಸಿದ್ರೂ ಐದು ನಿಮಿಷಕ್ಕೊಂದ್ಸಲ ಅದರ ಪಲ್ಸ್ ನೋಡ್ತಾರೆ." "ನೋಡದಿದ್ರೆ ಉಕ್ಕುತ್ತೆ ಕಣಯ್ಯಾ, ನೀನು ರಸ್ತೆ ನೋಡು," ಎಂದರು ಅಕ್ಕ.

ಒಂದು ದಿನ ನಾನಿರುವ ಎಂವಿಪಿ ಕಾಲೋನಿಯಲ್ಲೇ ಒಂದು ಅಪಾರ್ಟ್‌ಮೆಂಟಿನ ಸಾರ್ವೆಯಿಂದ ಬಣ್ಣ ಬಳಿಯುವವನೊಬ್ಬ ಬಿದ್ದಿದ್ದ. ಅಕ್ಕ ನನ್ನನ್ನು ಅವನ ತಲೆಯ ಹಿಂದೆ ಮಂಡಿಯೂರಿಸಿ, ಎರಡೂ ಕೈಯಲ್ಲಿ ತಲೆ ಹಿಡಿಸಿದರು. "ಕುತ್ತಿಗೆ ಅಲುಗಬಾರದು. ನಾನು ಬಿಡು ಅನ್ನೋತನಕ ಬಿಡಬ್ಯಾಡ. ನೊಣ ಕೂತರೂ ಬಿಡಬ್ಯಾಡ." ತಾವು ಮಾತ್ರ ಅವನು ಕತ್ತು ತಿರುಗಿಸದೆ ಕಾಣುವ ಜಾಗದಲ್ಲಿ, ಅವನ ಕಣ್ಣಿನ ನೇರಕ್ಕೆ ಬಗ್ಗಿ ಕೂತರು. ಅವನು ನನ್ನನ್ನೇ ತಲೆಕೆಳಗಾಗಿ ನೋಡುತ್ತ ಕಾಲು ಇದೆಯೋ ಇಲ್ಲವೋ ಎಂದು ಕೇಳಿದ. ಎಲ್ಲ ಸರಿಯಿದೆ ಎನ್ನಲು ಬಾಯಿ ತೆರೆದೆ. ಅಂಥ ಸುಳ್ಳು ನನಗೆ ಸಲೀಸು. ಅಕ್ಕ ನನಗಿಂತ ಮೊದಲು ಹೇಳಿಬಿಟ್ಟರು: "ಕಾಳ್ಳು ಉನ್ನಾಯಿ ನಾಯನಾ. ಕದುಲುತಾಯೋ ಲೇದೋ ನಾಕಿಂಕಾ ತೆಲೀದು. ನೇನಿಕ್ಕಡೇ ಉನ್ನಾ." ಕಾಲು ಇವೆ, ಆಡುತ್ತವೋ ಇಲ್ಲವೋ ನನಗಿನ್ನೂ ಗೊತ್ತಿಲ್ಲ, ನಾನು ಇಲ್ಲೇ ಇದ್ದೇನೆ. ಇಷ್ಟೇ. ಅವನು ಹೆದರಿ ಒದ್ದಾಡುತ್ತಾನೆ ಎಂದುಕೊಂಡೆ. ನನ್ನ ಅಂಗೈಗಳ ನಡುವೆ ಬಿಗಿದಿದ್ದ ಅವನ ದವಡೆ ಸಡಿಲವಾಯಿತು. ಸುಳ್ಳು ಧೈರ್ಯ ಕೊಡದ ಸಮಾಧಾನವನ್ನು "ಗೊತ್ತಿಲ್ಲ" ಎಂಬ ಮಾತು ಕೊಡಬಲ್ಲದೆಂದು ಯಾರಾದರೂ ವೇದಿಕೆಯ ಮೇಲೆ ಹೇಳಿದ್ದರೆ ಸಾಕ್ಷಿ ಕೇಳುತ್ತಿದ್ದೆ. ಸಾಕ್ಷಿ ನನ್ನ ಕೈಯಲ್ಲೇ ಇತ್ತು.

ಆದರೂ ಆ ಟಿಫಿನ್ ವಿಚಾರ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಅಷ್ಟೂ ದಿನ ಗಮನಿಸಿದೆ. ಮಾತಾಡುವ ಸ್ಥಿತಿಯಲ್ಲಿದ್ದ ಪ್ರತಿಯೊಬ್ಬರಿಗೂ ಅಕ್ಕ ಅದನ್ನೇ ಕೇಳುತ್ತಿದ್ದರು: "ಉದಯಂ ಏಂ ತಿನ್ನಾರು?" ಬೆಳಿಗ್ಗೆ ಏನು ತಿಂದಿರಿ? ಉತ್ತರ ಮಾತ್ರ ಅವರಿಗೆ ಬೇಕಿದ್ದಂತೆ ಕಾಣಲಿಲ್ಲ. ಪೆಸರಟ್ಟು ಎಂದರೂ ಪೂರಿ ಎಂದರೂ ಅಕ್ಕನ ಕಣ್ಣು ಹೇಳುವವರ ಎದೆಯ ಮೇಲೆ ಇರುತ್ತಿತ್ತು.

ಮೂರು ತಿಂಗಳಿಗೊಮ್ಮೆ ಹೊಸಬರಿಗೆ ಪಾಠ ಮಾಡಲು ಅವರು ವಿಜಯವಾಡಕ್ಕೆ ಹೋಗುತ್ತಿದ್ದರು. ಆ ಸಲ ನಾನೂ ಜೊತೆಗೆ ಹೊರಟೆ. ಹಗಲಿನ ರೈಲು. ಅಕ್ಕ ಡಬ್ಬಿಯಲ್ಲಿ ಚಿತ್ರಾನ್ನ ತಂದಿದ್ದರು. ಎದುರು ಸೀಟಿನ ಹೆಂಗಸು ಇಣುಕಿ ನೋಡಿ ಇದು ಪುಳಿಹೋರವಲ್ಲವೇ ಎಂದಳು. ಅಲ್ಲ, ಇದು ನಿಂಬೆಹಣ್ಣಿನದು, ನಮ್ಮ ಬಳ್ಳಾರಿಯದು ಎಂದು ಅಕ್ಕ ಅವಳಿಗೂ ಒಂದು ಪಾಲು ಹಾಕಿದರು. ಆಕೆ ರಾಜಮಂಡ್ರಿಯಲ್ಲಿ ಇಳಿದುಹೋದ ಮೇಲೆ ಕೇಳಿದೆ.

"ಅಕ್ಕಾ, ನೇರವಾಗಿ ಕೇಳ್ತೀನಿ. ಒಬ್ಬ ಕೂಗ್ತಾ ಇದ್ದಾಗ ಇನ್ನೊಬ್ಬಳ ಟಿಫಿನ್ ಯಾಕೆ?"

ಅವರು ಡಬ್ಬಿಗೆ ಮುಚ್ಚಳ ಹಾಕಿ ಚೀಲದೊಳಗಿಟ್ಟರು. ಆಮೇಲೆ ಹೇಳಿದರು.

ಕೆಲಸಕ್ಕೆ ಸೇರಿ ನಾಲ್ಕನೇ ವರ್ಷವಂತೆ. ವಿಜಯವಾಡದಲ್ಲಿ ಬ್ಯಾರೇಜಿನ ಹತ್ತಿರ, ಮಧ್ಯಾಹ್ನ, ಸ್ಕೂಟರಿಗೆ ಕಾರು ತಗುಲಿತ್ತು. ಸ್ಕೂಟರಿನವರು ಬ್ಯಾಂಕ್ ಅಧಿಕಾರಿ, ಐವತ್ತರ ಹತ್ತಿರದವರು. ಫುಟ್‌ಪಾತಿನ ಮೇಲೆ ನೆಟ್ಟಗೆ ಕೂತಿದ್ದರು. ಮೊಣಕೈ ತರಚಿದ್ದು ಬಿಟ್ಟರೆ ಹೊರಗೆ ಗಾಯವಿಲ್ಲ. ಅಕ್ಕ ತೆಲುಗಿನಲ್ಲಿ ಮಾತಾಡಿಸಿದರು. ನಾಡಿ ಎಣಿಸುವಾಗ ಇವರ ತುಟಿಯ ಮೇಲಿನ ಕನ್ನಡ ಅವರ ಕಿವಿಗೆ ಬಿತ್ತು. ಅವರ ಮುಖ ಅರಳಿತು. ಕನ್ನಡದವರಾ ಎಂದರು. ವರ್ಗವಾಗಿ ಬಂದು ಎರಡು ತಿಂಗಳಾಗಿತ್ತಂತೆ, ಕಚೇರಿಯಲ್ಲಿ ಕನ್ನಡ ಮಾತಾಡಲು ಒಬ್ಬರೂ ಇರಲಿಲ್ಲವಂತೆ.

"ನನಗೂ ಅಷ್ಟೇ ಖುಷಿ ತಮ್ಮಾ. ಈ ಊರಾಗೆ ನಮ್ಮ ಮಾತು ಕೇಳಿ ಎಷ್ಟೋ ತಿಂಗಳಾಗಿತ್ತು. ಕುಂತು ಮಾತಾಡಿದೆ. ಅವರು ಒಂದೊಂದೇ ಮಾತು ಬಿಡಿಸಿ ಬಿಡಿಸಿ ಹೇಳೋರು. 'ನಮಗೆ... ಇಲ್ಲಿನ... ಊಟ... ಖಾರ...' ಹಿಂಗ. ನಾನು ಏನು ಅಂದ್ಕೊಂಡೆ ಗೊತ್ತೈತಾ? ಮಂಗಳೂರು ಕಡೆಯೋರು ಇರಬೇಕು, ಅವರು ಹಿಂಗೇ ಪುಸ್ತಕದಂಗೆ ನಿಧಾನ ಮಾತಾಡ್ತಾರೆ ಅಂತ ಅಂದ್ಕೊಂಡೆ. ಎಷ್ಟು ಚೆಂದ ಕನ್ನಡ ಅಂತ ಹೊಗಳಿದೆ ಬ್ಯಾರೆ."

ರೈಲು ಒಂದು ಸಣ್ಣ ಸೇತುವೆ ದಾಟಿತು.

"ಆಸ್ಪತ್ರೆಗೆ ಬ್ಯಾಡ, ಮನೆಗೆ ಹೋಗ್ತೀನಿ ಅಂದ್ರು. ಬರೋದಿಲ್ಲ ಅಂತ ರುಜು ಹಾಕಿಸ್ಕೊಂಡು ಆಟೋ ಹತ್ತಿಸಿದೆ. ಕೈ ಬೀಸಿದ್ರು. ಮನೆ ಬಾಗಿಲಾಗೆ ಬಿದ್ರಂತೆ. ಎದೆ ತುಂಬ ರಕ್ತ ತುಂಬಿತ್ತು. ಮಾರನೇ ದಿನ ಅವರ ಹೆಂಡತಿ ಬಂದ್ರು. ಮಂಡ್ಯದೋರು. ಮಂಗಳೂರಲ್ಲ, ಮಂಡ್ಯ. 'ನಮ್ಮನೆಯವರು ಬಾಯಿ ತೆಗೆದ್ರೆ ಮುಚ್ಚುತ್ತಿರಲಿಲ್ಲ ಕಣಮ್ಮಾ, ಉಸಿರೇ ತಗೊಳ್ದೆ ಮಾತಾಡೋರು, ನಿಮ್ಮತ್ರ ಏನಾದ್ರೂ ಹೇಳಿದ್ರಾ' ಅಂತ ಕೇಳಿದ್ರು."

ಯಾವ ಪುಸ್ತಕದಲ್ಲಿ ಈ ತಪ್ಪಿಗೆ ಹೆಸರಿದೆ? ಪರವೂರಿನಲ್ಲಿ ತನ್ನ ಮಾತು ಕಿವಿಗೆ ಬಿದ್ದ ಸಂತೋಷ, ಒಬ್ಬ ಮನುಷ್ಯ ಉಸಿರಿಗೆ ಪರದಾಡುವುದನ್ನು ಅವನ ಜಿಲ್ಲೆಯ ನುಡಿಗಟ್ಟು ಎಂದು ಕೇಳಿಸಿತ್ತು. ಆ ಫುಟ್‌ಪಾತಿನಲ್ಲಿ ಒಬ್ಬ ತೆಲುಗು ಹೆಂಗಸು ಇದ್ದಿದ್ದರೆ ಬಹುಶಃ ಈ ತಪ್ಪು ಮಾಡುತ್ತಿರಲಿಲ್ಲ.

"ಅವತ್ತಿಂದ ಎಲ್ಲರನ್ನೂ ಕೇಳ್ತೀನಿ," ಎಂದರು ಅಕ್ಕ. "ಏನು ತಿಂದ್ರಿ ಅಂದ್ರೆ ಯಾರಾದ್ರೂ ಒಂದು ಉದ್ದ ವಾಕ್ಯ ಹೇಳೇ ಹೇಳ್ತಾರೆ. ಇಡ್ಲಿ ಮೆತ್ತಗಿರಲಿಲ್ಲ, ಚಟ್ನಿ ಹುಳಿಯಾಗಿತ್ತು ಅಂತ. ಒಂದು ಉಸಿರಿಗೆ ಎಷ್ಟು ಮಾತು ಬಂತು ಅಂತ ಎಣಿಸ್ತೀನಿ. ಆ ಪ್ಯಾಕಿಂಗ್ ಹೆಂಗಸು 'ಇಡ್ಲಿ' ಅಂತ ನಿಲ್ಲಿಸಿದ್ಲು. 'ರೆಂಡು' ಅಂತ ನಿಲ್ಲಿಸಿದ್ಲು. ಮೂರನೇ ಮಾತು ಬರಲಿಲ್ಲ. ಅತ್ತ ಆ ಫಿಟ್ಟರು ಒಂದೇ ಉಸಿರಿಗೆ ನನ್ನನ್ನ, ನಮ್ಮಪ್ಪನ್ನ, ಲಾರಿಯೋನ ವಂಶಾನೆಲ್ಲ ಬೈತಿದ್ದ. ರಕ್ತ ನಿಂತಿತ್ತು, ಉಸಿರು ಗಟ್ಟಿಯಿತ್ತು. ಇನ್ನೊಂದು ಗಾಡಿ ಬರೋತನಕ ಅವನು ತಡೀತಾನೆ, ಆಕೆ ತಡಿಯಲ್ಲ. ಹೊಂಟೆ."

ನಾನು ನೋಟ್‌ಬುಕ್ ಮುಚ್ಚಿದೆ. ಮರುದಿನ ತರಬೇತಿ ಕೋಣೆಯಲ್ಲಿ ಅವರು ಈ ಬ್ಯಾಂಕ್ ಅಧಿಕಾರಿಯ ಕತೆಯಿಂದಲೇ ಪಾಠ ಶುರುಮಾಡಿದರು. ಪ್ರತಿ ಹೊಸ ತಂಡಕ್ಕೂ ಮೊದಲು ಹೇಳುವುದು ಇದನ್ನೇ ಎಂದು ಅಲ್ಲಿನವರು ತಿಳಿಸಿದರು. ತಮ್ಮ ಗೆಲುವುಗಳ ಒಂದು ಕತೆಯನ್ನೂ ಅವರು ಆ ದಿನ ಹೇಳಲಿಲ್ಲ.

ಇಷ್ಟರಿಂದ ವಿಚಾರಣೆ ಗೆದ್ದಂತಾಯಿತೇ? ಇಲ್ಲ. ಕಡತದಲ್ಲಿ ಒಂದು ತೂತು ಇತ್ತು. ಫಿಟ್ಟರನ ಹಾಳೆಯಲ್ಲಿ ನಾಡಿ, ಉಸಿರು ಬರೆಯುವ ಮನೆಗಳು ಖಾಲಿ ಇದ್ದವು. ಅವನನ್ನು ನೋಡಿಯೇ ಇಲ್ಲ ಎಂದು ವಾದಿಸಲು ಅಷ್ಟು ಸಾಕು. ನಿಜ ಏನೆಂದರೆ, ಅವಸರದಲ್ಲಿ ಈ ಕೆಲಸದವರು ಅಂಕಿಗಳನ್ನು ಮೊದಲು ತಮ್ಮ ಎಡಗೈ ಗವುಸಿನ ಮೇಲೆ ಪೆನ್ನಿನಿಂದ ಬರೆದುಕೊಳ್ಳುತ್ತಾರೆ, ಆಮೇಲೆ ಹಾಳೆಗೆ ಇಳಿಸುತ್ತಾರೆ. ಅಂದು ಅಕ್ಕ ಒಬ್ಬರ ರಕ್ತ ಇನ್ನೊಬ್ಬರಿಗೆ ತಗುಲಬಾರದೆಂದು, ಹೆಂಗಸನ್ನು ಮುಟ್ಟುವ ಮೊದಲು ಗವುಸು ಬದಲಿಸಿದ್ದರು. ಫಿಟ್ಟರನ ನಾಡಿ ಹಳದಿ ಕಸದ ಚೀಲಕ್ಕೆ ಹೋಯಿತು, ಅಲ್ಲಿಂದ ಸುಡುವ ಒಲೆಗೆ.

ವ್ಯವಸ್ಥಾಪಕರು ನನ್ನನ್ನು ಪಕ್ಕಕ್ಕೆ ಕರೆದು, ಆಕೆಗೆ ನೆನಪಿರಬೇಕಲ್ಲ, ಈಗ ತುಂಬಿಸಿಬಿಡಲಿ, ಯಾರು ನೋಡುತ್ತಾರೆ ಎಂದರು. ನಾಚಿಕೆಯಿಲ್ಲದೆ ಹೇಳುತ್ತೇನೆ, ನನಗೂ ಅದು ಜಾಣತನವಾಗಿ ಕಂಡಿತು. ಹೋಗಿ ಅಕ್ಕನಿಗೆ ಹೇಳಿದೆ. "ಅಂಕಿ ನಿಮಗೆ ನೆನಪಿದೆಯಾ?"

"ಐತೆ."

"ಮತ್ತೆ ಬರೆದುಬಿಡಿ."

"ನೆನಪೈತೆ ಅಂತಾನೇ ಬರಿಯಲ್ಲ. ಈಗ ಗಾಡಿ ಉಳಿಸ್ಕೊಳ್ಳೋ ಆಸೆ ಬಂದೈತೆ. ಆಸೆ ಬಂದ ಮ್ಯಾಲೆ ನೆನಪಾಗೋ ನಾಡಿ ಯಾವಾಗ್ಲೂ ಚೆಂದಾನೇ ಇರ್ತೈತೆ." ಅವರು ಹಾಳೆಯನ್ನು ನನ್ನ ಕಡೆಗೆ ಸರಿಸಿದರು. "ಖಾಲಿ ಐತೆ ಅಂತ ಬರಿ. ಖಾಲಿನೇ ಐತಲ್ಲ."

ಬರೆದೆ. ನಿಯಮ ಮುರಿದಿದ್ದಾರೆ. ಹಾಳೆ ಖಾಲಿಯಿದೆ. ಆ ಕ್ಷಣಕ್ಕೆ ಕಂಡ ಲಕ್ಷಣಗಳ ಪ್ರಕಾರ ಹೆಂಗಸನ್ನು ಮೊದಲು ಸಾಗಿಸಿದ್ದಕ್ಕೆ ಸಕಾರಣವಿದೆ. ಅವರು ಅಲ್ಲೇ ಇದ್ದಿದ್ದರೆ ಬೆರಳು ಉಳಿಯುತ್ತಿತ್ತೋ ಇಲ್ಲವೋ ತಿಳಿಯುವ ದಾರಿಯಿಲ್ಲ. ನನ್ನ ಜೀವಮಾನದಲ್ಲಿ ಅಷ್ಟು ಕಡಿಮೆ ವಿಶೇಷಣಗಳಿರುವ ನಾಲ್ಕು ವಾಕ್ಯ ಬರೆದಿರಲಿಲ್ಲ. ಈ ವರದಿಯಿಂದ ಅವರು ಗಾಡಿ ಕಳೆದುಕೊಳ್ಳಬಹುದೆಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ವಿಚಾರಣೆಯ ದಿನ ಮೇಜಿನ ಆಚೆ ವ್ಯವಸ್ಥಾಪಕರು ಮತ್ತು ಅಧ್ಯಕ್ಷತೆ ವಹಿಸಿದ್ದ ಹಿರಿಯ ಡಾಕ್ಟರು, ಈಚೆ ಒಂದು ಕುರ್ಚಿಯಲ್ಲಿ ಅಕ್ಕ, ಇನ್ನೊಂದರಲ್ಲಿ ಫಿಟ್ಟರ್. ಅವನು ಬಲಗೈಯನ್ನು ಶಾಲಿನೊಳಗೆ ಇಟ್ಟುಕೊಂಡಿದ್ದ. ನಾನು ವರದಿ ಓದಿದೆ. ಡಾಕ್ಟರು ಅವನಿಗೆ ಮಾತಾಡಲು ಹೇಳಿದರು. ಅವನು ತೆಲುಗಿನಲ್ಲಿ ಆಡಿದ್ದನ್ನು ಕನ್ನಡದಲ್ಲಿ ಕೊಡುತ್ತೇನೆ.

"ಈಯಮ್ಮ ನನ್ನನ್ನು ನೋಡಿಲ್ಲ ಅಂತ ನಾನು ಹೇಳಲ್ಲ ಸಾರ್. ನೋಡಿದಳು. ಕೈಗೆ ಪಟ್ಟಿ ಬಿಗಿದಳು, ನಾಡಿ ಹಿಡಿದಳು, ಬೈದರೆ ಬೈಸಿಕೊಂಡಳು. ಆಮೇಲೆ ಬೆನ್ನು ತಿರುಗಿಸಿ ಹೋದಳು. ಗಾಡಿ ಹೋಗೋದು ನನ್ನ ಕಣ್ಣಿಗೆ ಕಾಣ್ತಿತ್ತು. ಕೈ ಕಂಬಿಯಲ್ಲಿ. ಆ ಒಂಬತ್ತು ನಿಮಿಷ ನಾನು ಸಾಯೋಕೆ ಬಿಟ್ಟ ಲೆಕ್ಕ ಅಂತಲೇ ಅಂದುಕೊಂಡಿದ್ದೆ."

ಡಾಕ್ಟರು ಅಕ್ಕನ ಕಡೆ ತಿರುಗಿದರು. ಇದಕ್ಕೆ ಏನು ಹೇಳುತ್ತೀರಿ?

ಸಮರ್ಥನೆ ಅವರ ಬಾಯಿಯಲ್ಲಿ ಸಿದ್ಧವಿರಬೇಕಿತ್ತು, ರೈಲಿನಲ್ಲಿ ನನಗೆ ಹೇಳಿದ್ದಷ್ಟನ್ನೇ ಹೇಳಿದರೆ ಸಾಕಿತ್ತು. ಅಕ್ಕ ಕುರ್ಚಿಯನ್ನೇ ಫಿಟ್ಟರನ ಕಡೆಗೆ ತಿರುಗಿಸಿ ಕೂತು ತೆಲುಗಿನಲ್ಲೇ ಅವನಿಗೆ ಹೇಳಿದರು: "ನಿಮ್ಮನ್ನ ಬಿಟ್ಟು ಹೋದದ್ದು ತಪ್ಪು ಅಂತ ನಾನು ಹೇಳೋದಿಲ್ಲ. ಇನ್ನೊಂದು ಸಲ ಅದೇ ಆದ್ರೆ ಮತ್ತೆ ಹೋಗ್ತೀನಿ. ಆದ್ರೆ ಹೋಗ್ತಿದ್ದೀನಿ ಅಂತ ನಿಮಗೆ ಹೇಳಬೇಕಿತ್ತು. ಯಾಕೆ ಅಂತ ಹೇಳಬೇಕಿತ್ತು. ಎರಡು ಮಾತಿಗೆ ಸಮಯ ಇತ್ತು. ಹೇಳಲಿಲ್ಲ. ಅದು ತಪ್ಪು. ಹಾಳೆಯಲ್ಲಿ ಅದ್ಯಾವುದೂ ಇಲ್ಲ, ನಾನೇ ಹೇಳ್ತಿದ್ದೀನಿ."

ನಾನು ಹತ್ತು ದಿನ ಹುಡುಕಿ ನಾಲ್ಕು ವಾಕ್ಯ ಬರೆದಿದ್ದೆ. ನಿಜವಾದ ತಪ್ಪು ಅವುಗಳಲ್ಲಿ ಇರಲೇ ಇಲ್ಲ. ಅದನ್ನು ಕಂಡುಹಿಡಿದು ಮೇಜಿನ ಮೇಲಿಟ್ಟವರು ಆರೋಪಿ.

ಡಾಕ್ಟರು ಫಿಟ್ಟರನನ್ನು ಕೇಳಿದರು, "ನಿಮಗೇನಾಗಬೇಕು ಹೇಳಿ. ಇವರನ್ನು ಗಾಡಿಯಿಂದ ತೆಗೆಯಬೇಕೇ?"

"ಕೋಪ ಹೋಗಿಲ್ಲ ಸಾರ್," ಎಂದ. "ಈ ಕೈ ಇರೋತನಕ ಹೋಗೋದೂ ಇಲ್ಲ. ಆದರೆ ತೆಗೀಬೇಡಿ. ನನಗೆ ಕೆಲಸ ಹೋದ ಮೇಲೆ ನನ್ನ ಹೆಂಡತಿ ಅದೇ ಕಂಪನಿಗೆ ಸೇರಿದ್ದಾಳೆ. ಅದೇ ರಸ್ತೆ. ಅವಳು ಯಾವತ್ತೂ ಕೂಗೋಳಲ್ಲ. ನೋವಾದರೂ ಏನೂ ಇಲ್ಲ ಅಂತ ಮೂಲೆಯಲ್ಲಿ ಕೂತುಬಿಡೋಳು. ನಾಳೆ ಅವಳಿಗೇನಾದರೂ ಆದರೆ, ಕೂಗೋರನ್ನು ದಾಟಿ ಅವಳ ಹತ್ತಿರ ಹೋಗೋರು ಒಬ್ಬರು ಬೇಕು."

ಹಾಳೆ ಖಾಲಿ ಬಿಟ್ಟದ್ದಕ್ಕೆ ಎಚ್ಚರಿಕೆ ಪತ್ರ, ಗಾಡಿ ಮುಂದುವರಿಕೆ ಎಂದು ಡಾಕ್ಟರು ಬರೆಸಿದರು. ಎಲ್ಲರೂ ಎದ್ದರು. ಅಕ್ಕ ಅವನಿಗೆ ಕೈಮುಗಿಯುತ್ತಾರೆ, ಇಲ್ಲವೇ ಅಳುತ್ತಾರೆ ಎಂದುಕೊಂಡೆ. ಎರಡೂ ಮಾಡಲಿಲ್ಲ. ಅವನ ಹತ್ತಿರ ಹೋಗಿ, ಅಂಗಡಿಯಲ್ಲಿ ಬೆಲೆ ವಿಚಾರಿಸುವ ದನಿಯಲ್ಲಿ ಕೇಳಿದರು: "ಆಮೆದಿ ಏ ಷಿಫ್ಟು?" ಅವಳದು ಯಾವ ಪಾಳಿ?

"ಪೊದ್ದುನ್ನದಿ," ಎಂದ ಅವನು. ಬೆಳಗಿನದು.

ಅಕ್ಕ ತಲೆಯಾಡಿಸಿ ಹೊರಗೆ ಹೋದರು. ಪಾಳಿಯ ಪಟ್ಟಿಗಳನ್ನು ತಪಾಸಣೆ ಮಾಡುವುದು ನನ್ನ ಕೆಲಸ, ಆದ್ದರಿಂದ ಇದನ್ನು ನೋಡಿಯೇ ಹೇಳುತ್ತಿದ್ದೇನೆ. ಆ ಸೋಮವಾರದಿಂದ ನಿವೃತ್ತಿಯ ದಿನದವರೆಗೆ, ಎರಡು ವರ್ಷ, ಅವರು ಅಚ್ಯುತಾಪುರಂ ದಾರಿಯ ಬೆಳಗಿನ ಪಾಳಿಯನ್ನು ಬಿಟ್ಟು ಬೇರೆ ಪಾಳಿಯನ್ನು ಒಂದು ದಿನಕ್ಕೂ ಹಾಕಿಸಿಕೊಳ್ಳಲಿಲ್ಲ.